ಒಂದು ಕಂತಿನ ಅತಿಥಿ

ನಮ್ಮ ಸೋದರತ್ತೆಗೆ ಕೊಲೆಗಾರನನ್ನು ಹಿಡಿಯಲು ಹತ್ತು ನಿಮಿಷ ಸಾಕಾಗುತ್ತಿತ್ತು. ಬಳ್ಳಾರಿಯ ಕೌಲ್‌ಬಜಾರಿನ ಮನೆ. ರಾತ್ರಿ ಊಟ ಮುಗಿಸಿ, ಎಲೆ ಅಡಿಕೆ ತಟ್ಟೆ ಮುಂದಿಟ್ಟುಕೊಂಡು ಪಡಸಾಲೆಯಲ್ಲಿ 'ಸಿಐಡಿ' ನೋಡಲು ಕೂರುತ್ತಿದ್ದರು. ಹೆಣ ಸಿಗುತ್ತಿತ್ತು, ಎಸಿಪಿ ಪ್ರದ್ಯುಮನ್ ಬಂದು ಕೈ ತಿರುಗಿಸುತ್ತ ಯೋಚನೆಗೆ ಬೀಳುತ್ತಿದ್ದರು. ಅಷ್ಟರೊಳಗೆ ಅತ್ತೆಯ ತೀರ್ಪು ಹೊರಬಿದ್ದಿರುತ್ತಿತ್ತು.

"ಈ ಕೋಟಿನವನ್ನ ನೋಡು. ಇವಂದ ಕೆಲಸ ಇದು."

"ಹೆಂಗ ಗೊತ್ತಾತು ಅತ್ತಿ?"

"ಇವನ್ನ ಯಾವ್ದೋ ಪಿಕ್ಚರ್‌ನಾಗ ನೋಡೀನಿ. ಅಂಥಾ ಆಕ್ಟರು ಬರೇ ಚಾ ಕುಡದು ಹೋಗಾಕ ಬಂದಾನೇನು?"

ಅತ್ತೆಗೆ ಹಿಂದಿ ಅರ್ಧ ತಿಳಿಯುತ್ತಿತ್ತು, ಅರ್ಧ ತಿಳಿಯುತ್ತಿರಲಿಲ್ಲ. ಬೆರಳಚ್ಚು, ವಿಷ, ಡಾಕ್ಟರ್ ಸಾಳುಂಖೆಯ ಪ್ರಯೋಗಾಲಯ, ಇವು ಯಾವುವೂ ಅವರಿಗೆ ಬೇಕಿರಲಿಲ್ಲ. ಗುರುತಿನ ಮುಖ ಕಂಡರೆ ಸಾಕು, ಅವನೇ ಅಪರಾಧಿ. ಕೊನೆಗೆ ದಯಾ ಬಾಗಿಲು ಒಡೆದು ಒಳನುಗ್ಗಿ ಕೋಟಿನವನ ಕೊರಳಪಟ್ಟಿ ಹಿಡಿದಾಗ ಅತ್ತೆ ನಮ್ಮ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಎಲೆಗೆ ಸುಣ್ಣ ಹಚ್ಚುತ್ತಿರುತ್ತಿದ್ದರು.

ಪತ್ತೇದಾರಿ ಧಾರಾವಾಹಿಯಲ್ಲಿ ಅತಿಥಿ ನಟನ ಪಾತ್ರ ಎಂಬುದು ಎಷ್ಟು ಕಷ್ಟದ ಕೆಲಸ ಎಂದು ನನಗೆ ಮೊದಲು ತೋರಿಸಿಕೊಟ್ಟವರು ಅತ್ತೆಯೇ. 'ಸಿಐಡಿ' 1998ರ ಜನವರಿಯಲ್ಲಿ ಶುರುವಾಗಿ 2018ರ ಅಕ್ಟೋಬರ್‌ವರೆಗೆ ಸಾವಿರದ ಐನೂರಕ್ಕೂ ಹೆಚ್ಚು ಕಂತು ಓಡಿತು. ನಿರ್ದೇಶಕ ಬಿ.ಪಿ. ಸಿಂಗ್ 2004ರಲ್ಲಿ 111 ನಿಮಿಷದ ಒಂದಿಡೀ ಕಂತನ್ನು ಎಲ್ಲೂ ಕತ್ತರಿಸದೆ ಒಂದೇ ಶಾಟ್‌ನಲ್ಲಿ ತೆಗೆದರು. ಶಿವಾಜಿ ಸಾಟಮ್, ಆದಿತ್ಯ ಶ್ರೀವಾಸ್ತವ, ನಮ್ಮ ಉಡುಪಿಯ ಕಟಪಾಡಿ ಮೂಲದ ದಯಾನಂದ ಶೆಟ್ಟಿ, ಈ ಮೂವರೂ ಇಪ್ಪತ್ತು ವರ್ಷ ನಮ್ಮ ಮನೆಯವರಂತೆಯೇ ಆಗಿಹೋಗಿದ್ದರು. ಅವರಿಗೆ ಸಮಯದ ಕೊರತೆ ಇಲ್ಲ. ಈ ವಾರ ಸಪ್ಪೆಯಾದರೆ ಮುಂದಿನ ವಾರವಿದೆ. ಅವರ ಸ್ವಭಾವ, ಸಿಟ್ಟು, ತಮಾಷೆ ನಮಗೆ ಮೊದಲೇ ಗೊತ್ತು. ಒಂದು ಕಂತಿಗೆ ಬರುವವನಿಗೆ ಇದ್ಯಾವುದೂ ಇಲ್ಲ. ಇಪ್ಪತ್ತು ಮೂವತ್ತು ನಿಮಿಷದಲ್ಲಿ ಅವನಿಗೊಂದು ಹೆಸರು, ಒಂದು ಮನೆ, ಒಂದು ಹಳೆಯ ನೋವು, ಅದರಿಂದ ಹುಟ್ಟಿದ ದ್ವೇಷ, ಒಂದು ಸುಳ್ಳು, ಆ ಸುಳ್ಳು ಕುಸಿಯುವ ಗಳಿಗೆ, ಎಲ್ಲವೂ ಆಗಬೇಕು. ಅಷ್ಟು ಹೊತ್ತೂ ತಾನು ಯಾರೆಂಬುದನ್ನು ಬಿಟ್ಟುಕೊಡಬಾರದು. ಮುಂದಿನ ವಾರ ಅವನ ನೆನಪನ್ನು ಯಾರೂ ತೆಗೆಯುವುದಿಲ್ಲ.

ಅಂಥ ಪಾತ್ರಕ್ಕೆ ಜನ ಮೆಚ್ಚಿದ ನಟನನ್ನು ಕರೆದರೆ ಅವನ ಖ್ಯಾತಿಯೇ ಕತೆಗೆ ಕಂಟಕವಾಗುತ್ತದೆ. ಸಿನಿಮಾ ಬಿಡುಗಡೆಯ ಹೊತ್ತಿಗೆ ಪ್ರಚಾರಕ್ಕೆಂದು 'ಸಿಐಡಿ'ಗೆ ಬಂದುಹೋದ ತಾರೆಯರು ಬಹಳ. ಅವರಲ್ಲಿ ಹೆಚ್ಚಿನವರು ತಮ್ಮ ಮುಖವನ್ನು ಹೊತ್ತು ತಂದರೇ ಹೊರತು ಪಾತ್ರವನ್ನು ತರಲಿಲ್ಲ. ಅದು ಅತಿಥಿ ಪಾತ್ರವೇ ಅಲ್ಲ, ಜಾಹೀರಾತು.

ಈ ಕಂಟಕವನ್ನು ಚೆನ್ನಾಗಿ ಬಲ್ಲವರು ಬಾಸು ಚಟರ್ಜಿ. 1993ರಲ್ಲಿ ದೂರದರ್ಶನದಲ್ಲಿ ಬಂದ ಅವರ 'ಬ್ಯೋಮಕೇಶ್ ಬಕ್ಷಿ' ನೋಡಿದವರಿಗೆ ರಜಿತ್ ಕಪೂರ್ ಮುಖ ಇವತ್ತಿಗೂ ಕಣ್ಣಮುಂದಿದೆ. ಕೆ.ಕೆ. ರೈನಾ ಗೆಳೆಯ ಅಜಿತ್ ಆಗಿದ್ದರು. ಶರದಿಂದು ಬಂದ್ಯೋಪಾಧ್ಯಾಯರ ಆ ಬಂಗಾಳಿ ನಾಯಕ ತನ್ನನ್ನು ಪತ್ತೇದಾರ ಎಂದು ಕರೆದರೆ ಒಪ್ಪುವವನಲ್ಲ, ಸತ್ಯಾನ್ವೇಷಿ ಎನ್ನಬೇಕು. ಕಂತಿಗೊಬ್ಬರಂತೆ ಬಂದು ಹೋಗುತ್ತಿದ್ದ ಜಮೀನ್ದಾರ, ವೈದ್ಯ, ಮೆಸ್ಸಿನ ಯಜಮಾನ, ವಿಧವೆ ಅತ್ತಿಗೆ, ಇವರಲ್ಲಿ ಬಹುಪಾಲು ರಂಗಭೂಮಿಯ ಜನ. ಬಳ್ಳಾರಿಯಲ್ಲಿ ಕೂತ ನಮಗೆ ಅವರಲ್ಲಿ ಒಬ್ಬರ ಹೆಸರೂ ಗೊತ್ತಿರಲಿಲ್ಲ. ಆದ್ದರಿಂದ ಎಲ್ಲರ ಮೇಲೂ ಒಂದೇ ತೂಕದ ಅನುಮಾನ. ಅತ್ತೆ ಆ ಧಾರಾವಾಹಿಯನ್ನು ನೋಡುವಾಗ ಮಾತ್ರ ತೀರ್ಪು ಹೇಳುತ್ತಿರಲಿಲ್ಲ. "ಇದರಾಗ ಎಲ್ಲಾರೂ ಒಂದ ನಮೂನಿ ಕಾಣ್ತಾರಲೇ" ಎನ್ನುತ್ತಿದ್ದರು. ನನ್ನ ಮಟ್ಟಿಗೆ ಆ ಧಾರಾವಾಹಿಗೆ ಸಿಕ್ಕ ದೊಡ್ಡ ವಿಮರ್ಶೆ ಅದು.

ಕನ್ನಡದಲ್ಲಿಯೂ ಹೀಗೊಂದು ಆಗಿತ್ತು. 1990ರ ಸುಮಾರಿಗೆ ಬೆಂಗಳೂರು ದೂರದರ್ಶನದಲ್ಲಿ ಬಂದ 'ಗುಡ್ಡದ ಭೂತ'. ನಿರ್ದೇಶಿಸಿದವರು 'ಘಟಶ್ರಾದ್ಧ'ದ ನಿರ್ಮಾಪಕ ಸದಾನಂದ ಸುವರ್ಣ. ಹದಿಮೂರು ಕಂತು, ಕರಾವಳಿಯ ಊರು, ಗುಡ್ಡದ ಮೇಲೊಂದು ಭಯ, ಅದರ ಹಿಂದೊಂದು ಗುಟ್ಟು. ಅದರಲ್ಲಿ ಪ್ರಕಾಶ್ ರೈ ಎಂಬ ತೆಳ್ಳಗಿನ ಹುಡುಗನಿದ್ದ. ಆಗ ಆತ ನಮಗೆ ಯಾರೋ ಒಬ್ಬ. ಈಗ ಅದೇ ಕಂತುಗಳನ್ನು ಮತ್ತೆ ನೋಡಿದರೆ ಕಣ್ಣು ಬೇರೆ ಯಾರ ಮೇಲೂ ನಿಲ್ಲುವುದಿಲ್ಲ. ಕತೆ ಅದೇ, ಗುಡ್ಡ ಅದೇ. ನಡುವೆ ಒಬ್ಬ ನಟನಿಗೆ ಹೆಸರು ಬಂದಿತು, ಅಷ್ಟಕ್ಕೇ ನಾವು ನೋಡುವ ಬಗೆ ಬದಲಾಯಿತು.

ಹಾಗಾದರೆ ಮೆಚ್ಚಿನ ನಟ ಪತ್ತೇದಾರಿ ಕತೆಗೆ ಬರಲೇಬಾರದೆ? ಬರಬಹುದು ಎಂದು ಅಮೆರಿಕದ 'ಕೊಲಂಬೊ' ಬಹಳ ಹಿಂದೆಯೇ ತೋರಿಸಿತ್ತು. 1968ರಲ್ಲಿ ಒಂದು ಟೆಲಿಚಿತ್ರವಾಗಿ ಬಂದು, 1971ರಿಂದ ಸರಣಿಯಾದ ಈ ಕತೆಗಳಲ್ಲಿ ಕೊಲೆ ಮಾಡಿದವನು ಯಾರೆಂದು ಬಹುತೇಕ ಮೊದಲೇ ತೋರಿಸಿಬಿಡುತ್ತಾರೆ. ಮುದುರಿದ ಮಳೆಯಂಗಿಯ ಪೀಟರ್ ಫಾಕ್ ಆಮೇಲೆ ಬರುತ್ತಾರೆ. ಕೊಲೆಗಾರನೇ ಆ ಕಂತಿನ ಅತಿಥಿ. ಗುಟ್ಟೇ ಇಲ್ಲದ ಮೇಲೆ ಅತಿಥಿಯ ಹೆಸರು ಎಷ್ಟು ದೊಡ್ಡದಾದರೂ ನಷ್ಟವಿಲ್ಲ. ಯಾರು ಮಾಡಿದರು ಎನ್ನುವ ಕುತೂಹಲ ಹೋಗಿ, ನಮಗೆ ಪ್ರೀತಿಯ ಈ ಮನುಷ್ಯ ಹೇಗೆ ಸಿಕ್ಕಿಬೀಳುತ್ತಾನೆ ಎನ್ನುವ ಸಂಕಟ ಶುರುವಾಗುತ್ತದೆ. 1974ರಲ್ಲಿ ಹಾಡುಗಾರ ಜಾನಿ ಕ್ಯಾಶ್ ಭಕ್ತಿಗೀತೆ ಹಾಡುವ ಕೊಲೆಗಾರನಾಗಿ ಬಂದಾಗ ಪ್ರೇಕ್ಷಕರು ತಾವು ಮೆಚ್ಚಿದ ಅದೇ ದನಿಯನ್ನು ಕೇಳುತ್ತಲೇ ಅವನ ಅಪರಾಧವನ್ನೂ ನೋಡಬೇಕಾಯಿತು. ಪ್ಯಾಟ್ರಿಕ್ ಮೆಕ್‌ಗೂಹನ್ ಎಂಬ ನಟ ಈ ಸರಣಿಗೆ ಬೇರೆ ಬೇರೆ ಕೊಲೆಗಾರನಾಗಿ ಮತ್ತೆ ಮತ್ತೆ ಬಂದು ಎರಡು ಎಮ್ಮಿ ಪ್ರಶಸ್ತಿ ಪಡೆದರು. ಒಂದು ಕಂತಿನ ಕೆಲಸಕ್ಕೆ ಅಲ್ಲಿ ಅಷ್ಟು ಬೆಲೆ.

ನಮ್ಮಲ್ಲಿ ಅಂಥ ಒಂದು ಕಂತಿನ ದೊಡ್ಡ ಕೆಲಸ ಯಾವುದು ಎಂದು ಕೇಳಿದರೆ ನಾನು ಪತ್ತೇದಾರಿ ಕತೆಗಳ ಅಂಗಳ ದಾಟಿ ಆಗುಂಬೆಗೆ ಹೋಗಬೇಕಾಗುತ್ತದೆ. ಅಲ್ಲಿ ಚಿತ್ರೀಕರಣವಾದ, ಶಂಕರ್‌ನಾಗ್ ನಿರ್ದೇಶಿಸಿ ಟಿ.ಎಸ್. ನರಸಿಂಹನ್ ನಿರ್ಮಿಸಿದ 'ಮಾಲ್ಗುಡಿ ಡೇಸ್'. ಆರ್.ಕೆ. ನಾರಾಯಣ್ ಅವರ 'ತಿಂಗಳಿಗೆ ನಲವತ್ತೈದು ರೂಪಾಯಿ' ಕತೆಯ ಕಂತಿನಲ್ಲಿ ವಿಷ್ಣುವರ್ಧನ್ ಗುಮಾಸ್ತ ವೆಂಕಟರಾವ್ ಆಗಿದ್ದರು. ಕಾಲ ಯಾವುದೆಂದು ನೆನಪಿಸಿಕೊಳ್ಳಿ. 1972ರ 'ನಾಗರಹಾವು' ಬಂದು ಹದಿನಾಲ್ಕು ಹದಿನೈದು ವರ್ಷ, 'ಸಾಹಸಸಿಂಹ' ಬಂದು ನಾಲ್ಕೈದು ವರ್ಷ. ನಮ್ಮ ಪಕ್ಕದ ಚಿತ್ರದುರ್ಗದ ಕೋಟೆಯಲ್ಲಿ ಸಿಡಿದು ನಿಂತಿದ್ದ ರಾಮಾಚಾರಿ ಅವರು. ಬಳ್ಳಾರಿಯ ಚಿತ್ರಮಂದಿರದಲ್ಲಿ ಅವರ ಹೆಸರು ತೆರೆಯ ಮೇಲೆ ಬಂದರೆ ನಾಣ್ಯದ ಮಳೆಯಾಗುತ್ತಿತ್ತು.

ಆ ನಟ ಇಲ್ಲಿ ಭುಜ ಇಳಿಬಿಟ್ಟುಕೊಂಡು ಕಡತಗಳ ನಡುವೆ ಕೂತಿದ್ದಾರೆ. ಮಗಳಿಗೆ ಸಿನಿಮಾಕ್ಕೆ ಕರೆದೊಯ್ಯುತ್ತೇನೆ ಎಂದು ಮಾತು ಕೊಟ್ಟಾಗಿದೆ. ಸಾಹೇಬರು ಬಿಡುವುದಿಲ್ಲ. ಈ ಕೆಲಸವೇ ಬೇಡವೆಂದು ರಾಜೀನಾಮೆ ಪತ್ರ ಬರೆದು ಒಯ್ದರೆ, ಸಂಬಳ ನಲವತ್ತರಿಂದ ನಲವತ್ತೈದಾಗಿದೆ ಎಂಬ ಸುದ್ದಿ ಕಿವಿಗೆ ಬೀಳುತ್ತದೆ. ಪತ್ರ ಜೇಬಿನೊಳಕ್ಕೆ ಹೋಗುತ್ತದೆ. ಮನೆಗೆ ಬಂದಾಗ ಮಗು ಸಿನಿಮಾಕ್ಕೆಂದು ಉಟ್ಟ ಬಟ್ಟೆಯಲ್ಲೇ ನಿದ್ದೆ ಹೋಗಿದೆ. ನಾವೆಲ್ಲ ಆ ಕಂತನ್ನು ನೋಡುವಾಗ ಕಾಯುತ್ತಿದ್ದುದು ಒಂದಕ್ಕೇ. ಈಗ ಎದ್ದು ನಿಲ್ಲುತ್ತಾನೆ, ಈಗ ಮೇಜು ಗುದ್ದುತ್ತಾನೆ. ಆತ ಗುದ್ದಲಿಲ್ಲ. ಸಾಹಸಸಿಂಹನ ಕೈ ಆ ಪತ್ರವನ್ನು ಮಡಚಿತು, ಅಷ್ಟೆ. ನಮ್ಮ ಆ ಕಾಯುವಿಕೆಯನ್ನೇ ವಿಷ್ಣುವರ್ಧನ್ ಮತ್ತು ಶಂಕರ್‌ನಾಗ್ ಕತೆಗೆ ಬಳಸಿಕೊಂಡರು. ಬೇರೆ ಯಾವುದೋ ಗುರುತಿಲ್ಲದ ನಟ ಸುಮ್ಮನಿದ್ದಿದ್ದರೆ ಅದು ಬಡ ಗುಮಾಸ್ತನ ಸಹಜ ಮೌನವೆನಿಸುತ್ತಿತ್ತು. ಈತ ಸುಮ್ಮನಿದ್ದುದಕ್ಕೆ ನಮ್ಮ ಎದೆಗೆ ಗುದ್ದಿದಂತಾಯಿತು.

ಮೆಚ್ಚಿನ ನಟ ಅತಿಥಿಯಾಗಿ ಬರುವುದಾದರೆ ಹೀಗೆ ಬರಬೇಕು. ತನ್ನ ಮೇಲೆ ಜನ ಇಟ್ಟ ಪ್ರೀತಿಯನ್ನು ಪಾತ್ರದ ಕೈಗೆ ಕೊಡಬೇಕು. ಪತ್ತೇದಾರಿ ಕತೆಗಂತೂ ಇದು ದೊಡ್ಡ ಬಂಡವಾಳ. ಇವನು ಕೊಲೆ ಮಾಡಿರಲಿಕ್ಕಿಲ್ಲ ಎಂದು ನಮ್ಮ ಮನಸ್ಸು ತಾನಾಗಿಯೇ ವಕಾಲತ್ತು ಹಿಡಿಯುತ್ತದೆ. ನಮ್ಮ ಪ್ರೀತಿಯ ಮರೆಯಲ್ಲೇ ಅಪರಾಧಿ ಅಡಗಿಕೊಳ್ಳುತ್ತಾನೆ.

ವಕಾಲತ್ತು ಎಂದಾಗ ನಮ್ಮೂರಿನ ಒಂದು ಸಂಗತಿ ಹೇಳಲೇಬೇಕು. ಬಳ್ಳಾರಿಯ ರಂಗಭೂಮಿಯನ್ನು ಕಟ್ಟಿದವರು ವಕೀಲರು. ಸರಸ ವಿನೋದಿನಿ ಸಭೆಯ ಧರ್ಮಾವರಂ ಕೃಷ್ಣಮಾಚಾರ್ಯರು ವಕೀಲರು. ಸುಮನೋರಮಾ ಸಭೆಯ ಕೋಲಾಚಲಂ ಶ್ರೀನಿವಾಸರಾಯರು ವಕೀಲರು. ಈ ಇಬ್ಬರ ನೆರಳಿನಲ್ಲಿ ಬೆಳೆದ ಬಳ್ಳಾರಿ ರಾಘವರು (1880–1946) ಮದರಾಸಿನಲ್ಲಿ ಕಾನೂನು ಓದಿ ಬಂದು ಇಲ್ಲಿ ವಕೀಲಿ ಮಾಡಿದರು, ಸರ್ಕಾರಿ ಅಭಿಯೋಜಕರೂ ಆದರು. ಹಗಲು ನ್ಯಾಯಾಲಯದಲ್ಲಿ ಸಾಕ್ಷಿಯ ಕಣ್ಣು, ಆರೋಪಿಯ ತುಟಿ, ಸುಳ್ಳು ಹೇಳುವಾಗ ತೊಳಲಾಡುವ ಕೈ ಇವನ್ನೆಲ್ಲ ನೋಡಿದ ಮನುಷ್ಯ ರಾತ್ರಿ ರಂಗಕ್ಕೆ ಬರುತ್ತಿದ್ದರು. ಕೋಲಾಚಲಂ ಬರೆದ, ವಿಜಯನಗರದ ಪತನದ 'ರಾಮರಾಜು ಚರಿತ್ರ'ದಲ್ಲಿ ಪಠಾಣ ರುಸ್ತುಮನ ಪಾತ್ರ ಅವರದು. ಕೂಗಾಟದ ಕಂದಪದ್ಯಗಳ ಕಾಲದಲ್ಲಿ ಮಾತನ್ನು ಮಾತಿನಂತೆ ಆಡಿದ ನಟ ಎಂದು ಅವರನ್ನು ಹೊಗಳುತ್ತಾರೆ. ಆ ಸಹಜತೆಯ ಒಂದು ಪಾಲು ಬಳ್ಳಾರಿ ಕೋರ್ಟಿನ ಕಟಕಟೆಯಿಂದಲೇ ಬಂದದ್ದು ಎಂಬುದು ನನ್ನ ನಂಬಿಕೆ. ನಟನೆಯನ್ನು ಹೊಟ್ಟೆಪಾಡಾಗಿ ಮಾಡಿಕೊಳ್ಳದೆ ಊರೂರಿಗೆ ಅತಿಥಿಯಾಗಿ ಹೋಗಿ ಆಡಿಬಂದವರು ರಾಘವರು. ಹೆಣ್ಣು ಪಾತ್ರವನ್ನು ಹೆಣ್ಣುಮಕ್ಕಳೇ ಆಡಬೇಕೆಂದು ಪಟ್ಟು ಹಿಡಿದವರೂ ಹೌದು. ಅವರ ಹೆಸರಿನ ರಾಘವ ಕಲಾಮಂದಿರ ಬಳ್ಳಾರಿಯಲ್ಲಿದೆ.

ಅವರ ಆ ಪಟ್ಟಿನ ಫಲವನ್ನು ನಾನು ಕಣ್ಣಾರೆ ಕಂಡದ್ದು ಹಳ್ಳಿಯಲ್ಲಿ. ಅತ್ತೆಯನ್ನು ಕೊಟ್ಟ ಊರು ಕುರುಗೋಡಿನ ಆಚೆ. ಸುಗ್ಗಿ ಮುಗಿದು ಕೈಯಲ್ಲಿ ನಾಲ್ಕು ಕಾಸು ಆಡುವ ಹೊತ್ತಿಗೆ ಕುರುಗೋಡು, ತೆಕ್ಕಲಕೋಟೆ, ಸಿರುಗುಪ್ಪ ಸೀಮೆಯ ಊರುಗಳಲ್ಲಿ ನಾಟಕದ ಕರಪತ್ರ ಹಂಚುತ್ತಾರೆ. ಗಂಡು ಪಾತ್ರಕ್ಕೆ ಊರ ಹುಡುಗರು. ಎರಡು ಮೂರು ತಿಂಗಳು ತಾಲೀಮು. ಹೆಣ್ಣು ಪಾತ್ರಕ್ಕೆ ಮಾತ್ರ ಬಳ್ಳಾರಿಯಿಂದಲೋ ಬೇರೆ ಊರಿನಿಂದಲೋ ಕಲಾವಿದೆಯರು ಬರಬೇಕು. ಅವರು ಒಂದು ರಾತ್ರಿಯ ಅತಿಥಿಗಳು.

ಒಂದು ವರ್ಷ ಕಂದಗಲ್ಲ ಹನುಮಂತರಾಯರ 'ರಕ್ತರಾತ್ರಿ' ನಾಟಕ. ದ್ರೌಪದಿ ಮಾಡುವ ಕಲಾವಿದೆ ಸಂಜೆ ಬಸ್ಸಿಗೆ ಇಳಿದರು. ಕೈಯಲ್ಲೊಂದು ರೆಕ್ಸಿನ್ ಚೀಲ, ಇನ್ನೊಂದು ಕೈಯಲ್ಲಿ ಸೀರೆ ಸುತ್ತಿದ ಗಂಟು. ಅತ್ತೆಯ ಮನೆಯ ಕಟ್ಟೆಯ ಮೇಲೆ ಕೂತು ಚಹಾ ಕುಡಿದರು. ಮೊಣಕಾಲು ನೋಯುತ್ತದೆ ಎಂದು ಎಣ್ಣೆ ಕೇಳಿ ಹಚ್ಚಿಕೊಂಡರು. ಪೇಟಿ ಮಾಸ್ತರರನ್ನು ಕರೆದು, "ಬಿಳಿ ನಾಕರಾಗ ಹಿಡೀರಿ ಮಾಸ್ತರ್ರೆ, ನೆಗಡಿ ಐತಿ" ಎಂದರು. ಎರಡು ಹಾಡಿನ ಪಲ್ಲವಿ ಮೆಲ್ಲಗೆ ಗುನುಗಿದರು. ತಾಲೀಮು ಅಂದರೆ ಅಷ್ಟೇ. ಆಮೇಲೆ ಎದುರಿಗೆ ನಿಂತ ಹುಡುಗನ ಕಡೆ ತಿರುಗಿದರು. ಭೀಮನ ಪಾತ್ರ ಅವನದು, ಕೈ ನಡುಗುತ್ತಿತ್ತು.

"ತಮ್ಮಾ, ಮಾತು ಮರತ್ರ ಹೆದರಬ್ಯಾಡ. ನನ್ನ ಮುಖ ಅಷ್ಟ ನೋಡಕೋತ ನಿಂದ್ರು. ನಾ ಎತ್ತಿ ಕೊಡ್ತೀನಿ."

ಆ ಹುಡುಗ ಎರಡು ಕಡೆ ಮಾತು ಮರೆತ. ಮುಂದೆ ಕೂತ ನಮಗಲ್ಲದೆ ಯಾರಿಗೂ ಅದು ತಿಳಿಯಲಿಲ್ಲ. ಆಕೆ ಅವನ ಮಾತನ್ನೇ ಪ್ರಶ್ನೆಯಾಗಿ ತಿರುಗಿಸಿ ಕೇಳುತ್ತಿದ್ದರು, ಅವನಿಗೆ ಎಳೆ ಸಿಗುತ್ತಿತ್ತು. ನಸುಕಿನ ಮೂರು ಗಂಟೆಗೆ ಅಶ್ವತ್ಥಾಮನ ಕೈಯಲ್ಲಿ ಮಕ್ಕಳು ಸತ್ತು, ದ್ರೌಪದಿ ರಂಗದ ನಡುವೆ ಬಂದು ನಿಂತಳು. ಐದು ಮಕ್ಕಳ ಮುಖವನ್ನು ಒಂದೊಂದಾಗಿ ಮುಟ್ಟುತ್ತಾ ಹೋದವಳು ಐದನೆಯದರ ಹತ್ತಿರ ಕೈ ಚಾಚಿ, ಮುಟ್ಟದೆ ಹಿಂದಕ್ಕೆ ತೆಗೆದುಕೊಂಡಳು. ಕಂಬಳಿ ಹೊದ್ದು ಕೂತ ಹೆಂಗಸರ ಸಾಲಿನಲ್ಲಿ ಬಿಕ್ಕುವ ಸದ್ದು. ನಮ್ಮ ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡಿದ್ದರು.

ಅದೇ ಅತ್ತೆ. ಸಂಜೆ ಆಕೆಗೆ ಚಹಾ ಕೊಟ್ಟವರು, ಮೊಣಕಾಲಿಗೆ ಎಣ್ಣೆ ಕೊಟ್ಟವರು. ಹಿಂದಿನ ವರ್ಷವೂ ಅದರ ಹಿಂದಿನ ವರ್ಷವೂ ಬೇರೆ ಬೇರೆ ಪಾತ್ರದಲ್ಲಿ ಆಕೆಯನ್ನು ನೋಡಿದವರು. ಗುರುತಿನ ಮುಖ ಕಂಡ ಕೂಡಲೇ ಗುಟ್ಟು ಹಿಡಿಯುವ ಅತ್ತೆಗೆ ಆ ರಾತ್ರಿ ಗುರುತು ಅಡ್ಡ ಬರಲಿಲ್ಲ. ಎದುರಿಗಿದ್ದವಳು ದ್ರೌಪದಿ. ಮರುದಿನ ಇದನ್ನು ಕೇಳಿದಾಗ ಅತ್ತೆ ಹೇಳಿದ್ದು ಇಷ್ಟೆ: "ಆಕಿ ಮಾಡಿದ್ಲು. ಟಿವಿಯಾಗಿನವ್ರು ತಾವ ಬಂದಿರ್ತಾರ." ಪಾತ್ರ ಮಾಡಲು ಬಂದವರು ಬೇರೆ, ತಾವೇ ಆಗಿ ಬಂದವರು ಬೇರೆ. ಅತಿಥಿ ನಟನೆಯ ಬಗ್ಗೆ ನಾನು ಕೇಳಿದ, ಓದಿದ ಮಾತುಗಳಲ್ಲಿ ಇದಕ್ಕಿಂತ ನಿಖರವಾದದ್ದು ಇನ್ನೊಂದಿಲ್ಲ.

2020ರ ಜುಲೈಯಲ್ಲಿ ನಮ್ಮನ್ನು ಅಗಲಿದ ಸುಭದ್ರಮ್ಮ ಮನ್ಸೂರು ಇದೇ ಬಳ್ಳಾರಿಯಲ್ಲಿದ್ದು ದಶಕಗಳ ಕಾಲ ಕಂಪನಿಗಳಲ್ಲಿ, ಹಳ್ಳಿಗಳಲ್ಲಿ ಹೀಗೆ ಆಡಿದವರು. ಅವರಂಥವರ ಕಂಠ, ಅವರ ಕಣ್ಣು ಒಂದೇ ಒಂದು ಪತ್ತೇದಾರಿ ಕಂತಿನಲ್ಲಿ, ಕೊಲೆಯಾದ ಮನೆಯ ಹಿರಿಯ ಸೊಸೆಯಾಗಿಯೋ ಎಲ್ಲವನ್ನೂ ಬಲ್ಲ ಅಡುಗೆಯಮ್ಮನಾಗಿಯೋ ದಾಖಲಾಗಿದ್ದರೆ ಎಂದು ನನಗೆ ಮತ್ತೆ ಮತ್ತೆ ಅನ್ನಿಸುತ್ತದೆ. ಆ ಅವಕಾಶ ನಮ್ಮ ಕೈ ತಪ್ಪಿತು.

ಕನ್ನಡಕ್ಕೆ ಪತ್ತೇದಾರಿ ಕತೆಯ ಬರವಿಲ್ಲ. ಹೆಚ್ಚು ಶಾಲೆ ಕಲಿಯದ ಎನ್. ನರಸಿಂಹಯ್ಯನವರು ಐನೂರಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿ ಬರೆದರು. ಅವರ ಪತ್ತೇದಾರ ಪುರುಷೋತ್ತಮನನ್ನು ಓದಲೆಂದೇ ಅಕ್ಷರ ಗಟ್ಟಿ ಮಾಡಿಕೊಂಡ ತಲೆಮಾರೊಂದು ಕರ್ನಾಟಕದಲ್ಲಿದೆ. ಬಳ್ಳಾರಿಯ ಬಾಡಿಗೆ ಪುಸ್ತಕದಂಗಡಿಗಳಲ್ಲಿ ರಟ್ಟು ಕಿತ್ತುಹೋದ ಆ ಪುಟ್ಟ ಪುಸ್ತಕಗಳಿಗೆ ನಮ್ಮಪ್ಪ ಸರದಿ ಕಾಯುತ್ತಿದ್ದರು. ಟಿ.ಕೆ. ರಾಮರಾಯರ ರಹಸ್ಯ ಕಾದಂಬರಿಗಳೂ ಇವೆ. ನೋಡುವವರಿಗೂ ಬರವಿಲ್ಲ. 2019ರಲ್ಲಿ ಒಂದೇ ವರ್ಷ ಬಂದ 'ಬೆಲ್ ಬಾಟಂ', 'ಕವಲುದಾರಿ' ಎರಡನ್ನೂ ಜನ ಚಿತ್ರಮಂದಿರಕ್ಕೆ ಹೋಗಿ ನೋಡಿದರು. 'ಕವಲುದಾರಿ'ಯಲ್ಲಿ ಅನಂತ್‌ನಾಗ್ ನಿವೃತ್ತ ಪೊಲೀಸ್ ಅಧಿಕಾರಿಯಾಗಿ ಹಳೆಯ ಗಾಯವನ್ನು ಮುಖದ ಮೇಲೆಯೇ ಹೊತ್ತು ತಿರುಗಿದ ರೀತಿ ಮರೆಯುವಂಥದ್ದಲ್ಲ. ಟಿವಿಯಲ್ಲಿ ಮಾತ್ರ ಸಂಜೆಯಿಂದ ರಾತ್ರಿಯವರೆಗೆ ಅತ್ತೆ ಸೊಸೆಯ ಕತೆ ವರ್ಷಗಟ್ಟಲೆ ಎಳೆಯುತ್ತದೆ. ಅದರಲ್ಲಿ ದುಡಿಯುವವರ ಶ್ರಮವನ್ನು ನಾನು ಕಡೆಗಣಿಸುತ್ತಿಲ್ಲ. ಆದರೆ ವಾರಕ್ಕೊಂದು ಕತೆ, ಒಂದು ಊರು, ಒಬ್ಬ ಅತಿಥಿ ನಟ ಇರುವ ಪತ್ತೇದಾರಿ ಸರಣಿಗೆ ಅಲ್ಲಿ ಒಂದು ಗಂಟೆಯಾದರೂ ಜಾಗ ಬೇಕು.

ಹಾಗೊಂದು ಸರಣಿ ಮಾಡುವವರಿಗೆ ನನ್ನ ಬಿನ್ನಹ ಇದು. ಪತ್ತೇದಾರನ ಪಾತ್ರಕ್ಕೆ ಬೆಂಗಳೂರಿನಲ್ಲಿ ಯಾರನ್ನಾದರೂ ಆರಿಸಿಕೊಳ್ಳಿ. ಕಂತಿಗೊಬ್ಬ ಅತಿಥಿಯನ್ನು ಮಾತ್ರ ಜಿಲ್ಲೆಗಳ ರಂಗದಿಂದ ಕರೆಸಿ. ಬಳ್ಳಾರಿ, ಧಾರವಾಡ, ಮಂಗಳೂರು, ಕಲಬುರಗಿ ಎಲ್ಲ ಕಡೆ ಅವರಿದ್ದಾರೆ. ತಮ್ಮ ಸೀಮೆಯಲ್ಲಿ ಅವರು ಮೆಚ್ಚಿನ ನಟರು, ಉಳಿದ ನಾಡಿಗೆ ಅಪರಿಚಿತ ಮುಖಗಳು. ಮೈಸೂರಿನ ಪ್ರೇಕ್ಷಕನಿಗೆ ಗುಟ್ಟು ಕಡೆಯವರೆಗೂ ಉಳಿಯುತ್ತದೆ. ಸಿರುಗುಪ್ಪದ ಪ್ರೇಕ್ಷಕನಿಗೆ ತನ್ನ ಪ್ರೀತಿಯ ಕಲಾವಿದೆ ಕೊಲೆಗಾರ್ತಿ ಆಗಬಾರದಲ್ಲ ಎಂಬ ಸಂಕಟ ಕಡೆಯವರೆಗೂ ಉಳಿಯುತ್ತದೆ. ಒಂದೇ ಕಂತು, ಎರಡು ರುಚಿ. ಅವರಿಗೆ ಒಂದು ಕಂತಿನ ಸಂಭಾವನೆಯನ್ನು ಮರ್ಯಾದೆಯಿಂದ ಕೊಡಿ, ಹೆಸರನ್ನು ಮೊದಲ ಫಲಕದಲ್ಲೇ ಹಾಕಿ. ತಾಲೀಮಿಗೆ ಒಂದು ಸಂಜೆ ಕೊಟ್ಟರೂ ನಿಭಾಯಿಸುವ ಜನ ಅವರು.

ಆರಿಸಲು ಬರುವುದಾದರೆ ಬೇಸಿಗೆ ಹೊಸ್ತಿಲಿಗೆ ಬನ್ನಿ. ಕುರುಗೋಡಿನಲ್ಲಿ ಏಕಶಿಲೆಯ ದೊಡ್ಡಬಸವಣ್ಣನ ದರ್ಶನ ಮಾಡಿಕೊಂಡು, ಸುತ್ತಲಿನ ಯಾವ ಊರಿನಲ್ಲಿ ನಾಟಕವಿದೆ ಎಂದು ಬಸ್ ನಿಲ್ದಾಣದ ಚಹಾದಂಗಡಿಯಲ್ಲಿ ಕೇಳಿ. ಕರಪತ್ರ ಅಲ್ಲೇ ಗೋಡೆಗೆ ಅಂಟಿಸಿರುತ್ತಾರೆ. ನಾಟಕ ರಾತ್ರಿ ಹತ್ತಕ್ಕೆ ಎಂದು ಬರೆದಿರುತ್ತದೆ, ಶುರುವಾಗುವುದು ಹನ್ನೊಂದಕ್ಕೆ. ಕಂಬಳಿ ತನ್ನಿ.